ಘಟ ನಡುವೆ ಎದ್ದ ವರ್ಷ

ಮೊನ್ನೆ ನವರಾತ್ರಿಯಲ್ಲಿ ಏಕಸಂಬಿಯ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಚಹಾ ಕುಡಿದು ಎದ್ದಾಗ ಅವಳು ದೇವರಿಗೆ ಕುಂಕುಮ ಏರಿಸಿ ಹೋಗಲು ಹೇಳಿ ಒಳಕೋಣೆಗೆ ಕರೆದೊಯ್ದಳು. ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಪತ್ರಾವಳಿಯ ಮೇಲೆ ಹೊಲದ ಮಣ್ಣು, ನಡುವೆ ಮಡಿಕೆ, ಸುತ್ತ ಮೊಳಕೆಯೊಡೆದ ಜೋಳ ಮತ್ತು ಗೋದಿ, ಪಕ್ಕಕ್ಕೆ ನಂದಾದೀಪ. ಒದ್ದೆ ಮಣ್ಣು, ಬಿಸಿಲು ಕಾಣದ ಎಳೆ ಮೊಳಕೆ, ಕರಕಾದ ಬತ್ತಿ, ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಕಾಲು ತಣ್ಣಗಾದವು. ನನಗೆ ಬಿಪಿ ಕಡಿಮೆಯಾಯಿತೆಂದು ಗೆಳತಿ ಗಾಬರಿಬಿದ್ದು ಸಕ್ಕರೆ ನೀರು ತಂದಳು. ಬಿಪಿ ಎಲ್ಲಿಯದು, ನನಗೆ ಐನಾಪುರದ ಆ ವರ್ಷ ನೆನಪಾಗಿತ್ತು.

ಘಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮ ಗಡಿಭಾಗದ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಮಣ್ಣಿನಲ್ಲಿ ಕಾಳು ಬಿತ್ತಿ, ಮೇಲೆ ಮಡಿಕೆಯಿಟ್ಟು ದೇವಿಯನ್ನು ಕೂರಿಸುತ್ತಾರೆ. ಘಟ ಕೂತಿತು ಅನ್ನುತ್ತಾರೆ. ದಸರೆಯ ಹೊತ್ತಿಗೆ ಅದು ಏಳುತ್ತದೆ. ಅಲ್ಲಿಯವರೆಗೆ ದೀಪ ಆರಬಾರದು, ಮನೆಗೆ ಕೀಲಿ ಬೀಳಬಾರದು. ನನ್ನ ಗಂಡನ ಮನೆಯಲ್ಲಿ ಇದರ ಮೇಲೆ ಇನ್ನೊಂದು ಕಟ್ಟಳೆ ಇತ್ತು. ಯಾರ ಮೈಯಲ್ಲಿ ದೇವಿ ಬಂದಿದ್ದಾಳೋ ಅವರು ಘಟ ಏಳುವ ತನಕ ಊರ ಸೀಮೆ ದಾಟುವಂತಿಲ್ಲ. ಘಟವನ್ನು ಕೂರಿಸುವುದೂ ಎಬ್ಬಿಸುವುದೂ ಮನೆಯ ಹಿರಿಯ ಹೆಂಗಸಿನ ಕೈಯಿಂದಲೇ ಆಗಬೇಕು.

ನಾನು ನಿಪ್ಪಾಣಿಯವಳು. ತಂಬಾಕಿನ ಘಾಟಿನಲ್ಲಿ ಬೆಳೆದದ್ದಕ್ಕೇ ನನ್ನ ನಾಲಿಗೆ ಇಷ್ಟು ಖಾರ ಎಂದು ಗಂಡ ಮಹಾದೇವ ಚೇಷ್ಟೆ ಮಾಡುತ್ತಾರೆ. ಪಿಯು ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಹೇಳುವುದು ನನ್ನ ಕೆಲಸ. ಮದುವೆಯಾಗಿ ಐನಾಪುರಕ್ಕೆ ಬಂದಾಗ ಮನೆಯಲ್ಲಿ ಅತ್ತೆಯೂ ಇರಲಿಲ್ಲ, ಮಾವನೂ ಇರಲಿಲ್ಲ, ಇಬ್ಬರೂ ಮೊದಲೇ ತೀರಿಕೊಂಡಿದ್ದರು. ಇದ್ದವರು ಮಹಾದೇವರ ಅಜ್ಜಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು, ಮತ್ತು ಆಯಿ ಬೆಳೆಸಿದ ಮೊಮ್ಮಗಳು ಸವಿತಾ, ನನ್ನ ನಾದಿನಿ. ಸವಿತಾ ಚಿಕ್ಕೋಡಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿಎಸ್ಸಿ ಓದುತ್ತಿದ್ದಳು. ಬಾಯಿಬಡುಕಿ. ಅವಳು ರಜೆಗೆ ಬಂದಳೆಂದರೆ ಮನೆಯ ಬೆಕ್ಕಿಗೂ ಮಾತು ಬರುತ್ತಿತ್ತು. ವೈನಿ, ವೈನಿ ಎಂದು ನನ್ನ ಹಿಂದೆಯೇ ತಿರುಗಿ ಒಲೆಯ ಮುಂದೆ ಕೂತು ಕಾಲೇಜಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಅವಳ ಬ್ಯಾಗು ಬಿಚ್ಚುತ್ತಿದ್ದದ್ದು.

ನಮ್ಮ ದ್ರಾಕ್ಷಿ ತೋಟದ ಬದುವಿನಲ್ಲಿ ಒಂದು ಬೇವಿನ ಮರ, ಅದರ ಬುಡಕ್ಕೆ ಕುಂಕುಮ ಮೆತ್ತಿದ ಕಲ್ಲು. ಅದು ಹೀರವ್ವ. ಮನೆಯದೇ ಮಗಳು, ಆಯಿಯ ಗಂಡನ ತಂಗಿ ಹೀರಾ. ಒಂದು ನವರಾತ್ರಿಯಲ್ಲಿ ಅವಳ ಮೈಯಲ್ಲಿ ದೇವಿ ಬಂದಳು, ಹೀರಾ ಅನ್ನ ನೀರು ಬಿಟ್ಟಳು, ಕೈ ಎತ್ತಿ ನಿಂತರೆ ಹಾಗೇ ನಿಂತಿರುತ್ತಿದ್ದಳು, ಖಾಲಿ ಬಾಯಿಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದಳು, ಘಟ ಏಳುವ ಮೊದಲೇ ದೇವಿ ಅವಳನ್ನು ಕರೆದುಕೊಂಡು ಹೋದಳು. ಈ ಕತೆಯನ್ನು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಆಯಿ ಮಾತ್ರ ಹೇಳುತ್ತಿರಲಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿಬಿಡುತ್ತಿದ್ದರು. ಭಕ್ತಿ ಜಾಸ್ತಿ, ಅದಕ್ಕೆ ಎಂದು ನಾನು ತಿಳಿದಿದ್ದೆ.

ಆ ವರ್ಷ ಮಳೆ ಹೋಗಲೊಲ್ಲದು. ಮೋಡ ಬಿಟ್ಟರಲ್ಲವೇ ದ್ರಾಕ್ಷಿಗೆ ಕತ್ತರಿ ಹಾಕುವುದು. ಬಳ್ಳಿ ಕತ್ತರಿಸುವ ಅಕ್ಟೋಬರ್ ಛಾಟಣಿ ತಡವಾಗಿ, ನವರಾತ್ರಿ ಮತ್ತು ತೋಟದ ಕೆಲಸ ಒಂದರ ಮೈಮೇಲೆ ಒಂದು ಬಿದ್ದವು. ಛಾಟಣಿಯಾದ ತೋಟ ನೋಡಲು ಚೆನ್ನಾಗಿರುವುದಿಲ್ಲ. ಎಲೆಯೆಲ್ಲ ಉದುರಿಸಿ, ಕಡ್ಡಿ ಮೋಟು ಮಾಡಿ, ತಂತಿಗೆ ಕಟ್ಟಿದ ಬಳ್ಳಿಗಳು ಸಾಲುಸಾಲಾಗಿ ತೋಳು ಚಾಚಿ ನಿಂತಿರುತ್ತವೆ. ಆ ಮೋಟು ಕಡ್ಡಿಯ ಕಣ್ಣುಗಳಿಗೆ ಹೆಂಗಸರು ಕೈಗವಸು ಹಾಕಿಕೊಂಡು ಔಷಧದ ಪೇಸ್ಟ್ ಹಚ್ಚುತ್ತಾರೆ. ಮಲಗಿದ ಕಣ್ಣು ಎಚ್ಚರಾಗಿ ಎಲ್ಲ ಒಟ್ಟಿಗೆ ಚಿಗುರಲಿ ಎಂದು. ಘಾಟಿನ ಔಷಧ. ಅದನ್ನು ಹಚ್ಚಿದ ದಿನ ಯಾರಾದರೂ ಸೆರೆ ಕುಡಿದರೆ ಮೈ ಕೆಂಪಗಾಗಿ ಬಿದ್ದೇ ಬೀಳುತ್ತಾರೆ.

ಸವಿತಾ ಘಟ ಕೂರುವ ಹಿಂದಿನ ದಿನ ಬಂದಳು. ತಲೆನೋವು, ಸಣ್ಣ ಜ್ವರ. ಬ್ಯಾಗು ಬಾಗಿಲಲ್ಲೇ ಇಟ್ಟು ಮಲಗಿದಳು, ಆದರೆ ನಿದ್ದೆ ಮಾಡಲಿಲ್ಲ. ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಬಂದು ಕೂತಳು. ಬಹಳ ಹೊತ್ತು ನನ್ನನ್ನೇ ನೋಡಿದಳು.

"ವೈನಿ, ನಿಮ್ಮ ಮಾರಿ ಯಾಕ ತಡಾ ಆಗಿ ಬರ್ತೈತಿ?" ಎಂದಳು.

ಏನೆಂದು ಕೇಳಿದೆ. ಮೊದಲು ನನ್ನ ದನಿ ಬರುತ್ತದಂತೆ, ಆಮೇಲೆ ಮುಖ ಬರುತ್ತದಂತೆ. ಜ್ವರದ ಮಾತು ಎಂದು ನಗಲು ನೋಡಿದೆ, ನಗು ಬರಲಿಲ್ಲ. ಅವಳು ತಮಾಷೆ ಮಾಡುತ್ತಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವಳ ಹಾಗೆ, ಸಿಟ್ಟಿಲ್ಲದೆ ಹೇಳಿದ್ದಳು. ಎರಡು ದಿನ ಕನ್ನಡ, ಮರಾಠಿ ಕಲಸಿ ಬಡಬಡ ಮಾತಾಡಿದಳು. ದ್ರಾಕ್ಷಿ ಸಾಲಿನೊಳಗೆ ಯಾರೋ ಓಡಾಡುತ್ತಿದ್ದಾರೆ, ತನ್ನ ಹೆಸರು ಕರೆಯುತ್ತಿದ್ದಾರೆ ಎಂದಳು. ನನ್ನ ಕೈಯ ರೊಟ್ಟಿ ತಿನ್ನಲಿಲ್ಲ. ಇವರು ನಮ್ಮ ವೈನಿ ಅಲ್ಲ, ವೈನಿಯ ಸೀರೆ ಉಟ್ಟ ಬೇರೆ ಯಾರೋ ಎಂದು ಆಯಿಯ ಕಿವಿಯಲ್ಲಿ ಹೇಳಿದಳಂತೆ. ನನ್ನನ್ನು ನೋಡಿದರೆ ಸಾಕು, ಬಾಯಿ ಕಟ್ಟಿಕೊಳ್ಳುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಅವಳು ಮನೆಯಲ್ಲಿ ಕಾಣಲಿಲ್ಲ. ಹುಡುಕುತ್ತ ತೋಟಕ್ಕೆ ಹೋದೆ. ಪೇಸ್ಟ್ ಹಚ್ಚುತ್ತಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ಒಂದೇ ಕಡೆ ಗುಂಪಾಗಿ ನಿಂತಿದ್ದರು. ಬೋಳು ಬಳ್ಳಿಗಳ ಸಾಲಿನಲ್ಲಿ, ಎರಡು ಗಿಡಗಳ ನಡುವಿನ ಖಾಲಿ ಜಾಗದಲ್ಲಿ ಸವಿತಾ ನಿಂತಿದ್ದಳು. ಒಂದು ತೋಳು ತಂತಿಯ ಮಟ್ಟಕ್ಕೆ ಚಾಚಿತ್ತು. ಕಣ್ಣು ತೆರೆದೇ ಇತ್ತು, ರೆಪ್ಪೆ ಹೊಡೆಯುತ್ತಿರಲಿಲ್ಲ. ಬಿಸಿಲಿಗೆ ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಗುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನಾನು ಹತ್ತಿರ ಹೋಗಿ ತೋಳು ಕೆಳಗಿಳಿಸಿದೆ. ಮೇಣದ ಹಾಗೆ ಬಾಗಿತು. ಅರ್ಧಕ್ಕೆ ಬಿಟ್ಟೆ, ಅರ್ಧಕ್ಕೇ ನಿಂತಿತು. ಬೆರಳು ಮಡಚಿದೆ, ಮಡಚಿಯೇ ಉಳಿಯಿತು. ನನ್ನ ಹಿಂದಿನಿಂದ ಒಬ್ಬ ಮುದುಕಿ, "ಹೀರವ್ವ ಬಂದಾಳ" ಎಂದಳು. ಕೈಗವಸು ಕಳಚಿ ಹೆಂಗಸರೆಲ್ಲ ಮಣ್ಣಿಗೆ ಹಣೆ ಹಚ್ಚಿದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಉಡಿ ತುಂಬಲು ಹೆಂಗಸರ ಸಾಲು. ಘಟದ ಮುಂದೆ ಚಾಪೆ ಹಾಸಿ ಅವಳನ್ನು ಕೂರಿಸಿದ್ದರು. ತೊಡೆಯ ಮೇಲೆ ತೆಂಗಿನಕಾಯಿ, ಖಣ, ಬಳೆ. ಒಬ್ಬಾಕೆ ಕಾಲು ಹಿಡಿದು, ಮಗಳಿಗೆ ಈ ವರ್ಷವಾದರೂ ಮಕ್ಕಳಾಗತಾವೇನವ್ವಾ ಎಂದು ಕೇಳಿದಳು. ಸವಿತಾಳ ತುಟಿ ಅಲುಗಿತು. "ಆಗತಾವ," ಎಂದಳು. ಆಕೆ ಅಲ್ಲೇ ಗೋಳೋ ಎಂದು ಅತ್ತಳು. ಇನ್ನೊಬ್ಬಳು ಮಳೆ ನಿಲ್ಲತೈತೇನವ್ವಾ ಎಂದಳು. ನಿಲ್ಲತೈತಿ ಎಂದು ಉತ್ತರ ಬಂತು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಅದು ಉತ್ತರವಲ್ಲ. ಕೇಳಿದವರ ಮಾತಿನ ಬಾಲ ಅವಳ ಬಾಯಿಂದ ತಿರುಗಿ ಬರುತ್ತಿತ್ತು ಅಷ್ಟೇ. ಬರಿದಾದ ಬಾವಿಯಲ್ಲಿ ಕೂಗಿದ ಹಾಗೆ. ಅದನ್ನು ತಿಳಿದ ಮೇಲೆ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು, ಏಕೆಂದರೆ ಒಳಗೆ ದೇವಿಯೂ ಇಲ್ಲ, ಸವಿತಾಳೂ ಇಲ್ಲ ಅನ್ನಿಸಿತು.

ಊರ ಡಾಕ್ಟರರನ್ನು ಮಹಾದೇವ ಕರೆತಂದರು. ತೋಟದ ಔಷಧ ಮೂಗಿಗೆ ಹೋಗಿರಬಹುದೇ ಎಂದು ಅವರಿಗೆ ಮೊದಲ ಸಂಶಯ, ಆದರೆ ಅದರ ಲಕ್ಷಣ ಹೀಗಿರುವುದಿಲ್ಲ ಎಂದು ಅವರೇ ತಲೆಯಾಡಿಸಿದರು. ಇಂದೇ ಮಿರಜಕ್ಕೆ ಒಯ್ಯಿರಿ, ತಡ ಮಾಡಿದರೆ ಕೈಗೆ ಸಿಗಲಿಕ್ಕಿಲ್ಲ ಎಂದು ನೇರವಾಗಿಯೇ ಹೇಳಿದರು. ಮಹಾದೇವ ಆಯಿಯ ಮುಖ ನೋಡಿದರು. ಘಟ ಕೂತಿದೆ, ಸೀಮೆ ದಾಟುವಂತಿಲ್ಲ ಎಂದರು ಆಯಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ತಿರುಗಿ ಮಾತಾಡಲು ಸಂದೂ ಇರಲಿಲ್ಲ. ಎಂಥ ಗಂಡಸರಪ್ಪ ನೀವು, ಟ್ರ್ಯಾಕ್ಟರ್ ಹೂಡಿ ಗುಡ್ಡ ಸರಿಸುತ್ತೀರಿ, ಒಂದು ಮಡಿಕೆ ಸರಿಸಲಾರಿರಾ ಎಂದು ಗಂಡನ ಮೇಲೆ ಹರಿಹಾಯ್ದೆ. ಅವರಿಗೆ ಆಯಿಯೇ ತಾಯಿ, ಆಯಿಯೇ ತಂದೆ. ತಂಗಿ ಸಾಯುತ್ತಾಳೆಂಬ ಭಯ ಒಂದು ಕಡೆ, ದೇವಿ ಮುನಿದರೆ ತಂಗಿಯೇ ಮೊದಲು ಸಾಯುತ್ತಾಳೆಂಬ ಭಯ ಇನ್ನೊಂದು ಕಡೆ.

ದೇವಿ ಕೂತವಳಿಗೆ ಹನಿ ನೀರೂ ಮುಟ್ಟದ ಉಪವಾಸ ಎಂದು ಊರ ಹೆಂಗಸರು ಗೊತ್ತು ಮಾಡಿದರು. ಘಟದ ಕಾಳಿಗೆ ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಾರೆ, ಪಕ್ಕದಲ್ಲಿ ಕೂತ ಹುಡುಗಿಗೆ ಇಲ್ಲ. ನಾನೇನು ಕಡಿಮೆಯೇ. ತಾಮ್ರದ ತಂಬಿಗೆಯಲ್ಲಿ ತುಳಸಿ ಹಾಕಿ, ತೀರ್ಥ ಎಂದು ಗಟ್ಟಿಯಾಗಿ ಹೇಳಿ, ಎಲ್ಲರ ಎದುರಿಗೇ ಚಮಚ ಚಮಚ ನೀರು ಹಾಕಿದೆ. ತೀರ್ಥಕ್ಕೆ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೊದಲ ದಿನ ನುಂಗಿದಳು. ಮರುದಿನ ಬಾಯಿ ತಾನಾಗಿಯೇ ಆಡತೊಡಗಿತು. ತುಟಿ ಚೂಪಾಗುವುದು, ನಾಲಿಗೆ ಹೊರಳುವುದು, ದವಡೆ ಅರೆಯುವುದು, ಏನನ್ನೋ ಜಗಿಯುತ್ತಿರುವ ಹಾಗೆ, ನಿಲ್ಲದೆ, ಗಂಟೆಗಟ್ಟಲೆ. ಮುಖದಲ್ಲಿ ಉಳಿದದ್ದೆಲ್ಲ ಸತ್ತು ಬಾಯಿ ಒಂದೇ ಬದುಕಿದ ಹಾಗಿತ್ತು. ನೋಡಿದವರೆಲ್ಲ ಎಲೆ ತಿನ್ನುತ್ತಿದ್ದಾಳೆ, ಹೀರವ್ವನೇ ಎಂದರು. ಒಂದು ಸಲ ಮೈಯೆಲ್ಲ ಸೆಟೆದು ಸೆಳೆತ ಬಂದು ಹೋಯಿತು. ಅದಕ್ಕೂ ಕರ್ಪೂರ ಬೆಳಗಿದರು.

ಐದನೆಯ ದಿನ ಮುಂಜಾನೆ, ಜನ ಬರುವ ಮೊದಲು, ಕೋಣೆಯಲ್ಲಿ ನಾನು, ಆಯಿ, ಸವಿತಾ ಮೂವರೇ ಇದ್ದೆವು. ಚಮಚದಲ್ಲಿ ನೀರು ಹಾಕಿದೆ. ನುಂಗಲಿಲ್ಲ. ಬಾಯಿ ಜಗಿಯುತ್ತಲೇ ಇತ್ತು, ನೀರು ಕಟವಾಯಿಯಿಂದ ಇಳಿದು ಕೊರಳಿಗೆ ಹೋಯಿತು. ಇನ್ನೊಂದು ಚಮಚ ಹಾಕಿದೆ, ಅದೂ ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ. ತಂಬಿಗೆ ಕೆಳಗಿಟ್ಟು ಅಲ್ಲೇ ಕೂತೆ. ಬಾಗಿಲ ಬಳಿ ಕೂತಿದ್ದ ಆಯಿ ಆ ನೀರನ್ನೇ ನೋಡುತ್ತಿದ್ದರು.

"ಹೀರಾಗೂ ಹಿಂಗ ಆಗಿತ್ತು," ಎಂದರು.

ಎಂದೂ ಹೀರವ್ವನ ಮಾತೆತ್ತದ ಆಯಿ. ತಾವಾಗಿಯೇ ಹೇಳತೊಡಗಿದರು. ಆಗ ಆಯಿಗೆ ಹದಿನಾಲ್ಕು, ಹೊಸದಾಗಿ ಬಂದ ಸೊಸೆ. ಹೀರಾ ವಯಸ್ಸಿನಲ್ಲಿ ಆಯಿಗಿಂತ ದೊಡ್ಡವಳು, ಆದರೂ ಅಣ್ಣನ ಹೆಂಡತಿಯೆಂದು ವೈನಿ ಅನ್ನುತ್ತಿದ್ದಳು. ಇದೇ ಕೋಣೆಯಲ್ಲಿ ಕೂರಿಸಿದ್ದರು. ಯಾರೂ ನೀರು ಕೊಡದ ಹಾಗೆ ಕಾಯಲು ಈ ಬಾಗಿಲಲ್ಲಿ ಸಣ್ಣ ಸೊಸೆಯನ್ನು ಇಟ್ಟಿದ್ದರು. ಅವಳ ಉಪವಾಸ ಮುರಿದರೆ ಮನೆತನ ಮುಳುಗುತ್ತದೆ ಎಂದು ಹೇಳಿದ್ದರು.

"ಒಂದ ದಿನ ಮುಂಜಾನಿ ಯಾರೂ ಇರಲಿಲ್ಲ," ಎಂದರು ಆಯಿ. "ಬಾಯಿ ಆಡಸೂದು ತಟಗ ನಿಂತಿತು. ನನ್ನ ಕಡೆ ಹೊಳ್ಳಿ, ವೈನಿ, ನೀರು, ಅಂದ್ಲು. ದೇವಿ ದನಿ ಅಲ್ಲವ್ವಾ ಅದು. ಹೀರಾನ ದನಿ."

"ಕೊಟ್ರೇನು, ಆಯಿ?"

"ಇಲ್ಲ. ಅಂಜಿದೆ."

ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು, ಉಡಿಯ ಹೆಂಗಸರು ಬರತೊಡಗಿದ್ದರು. ಆಯಿ ಗೋಡೆ ಹಿಡಿದು ಎದ್ದರು. ಕೈ ತೊಳೆದರು. ಘಟಕ್ಕೆ ಅರಿಶಿನ ಕುಂಕುಮ ಏರಿಸಿದರು. ಬಾಗಿಲಲ್ಲಿ ನಿಂತವರಿಗೆ ಅದು ದಿನದ ಪೂಜೆ ಎಂದೇ ಅನ್ನಿಸಿರಬೇಕು. ಆಮೇಲೆ ಅವರು ಮಡಿಕೆಯ ಕೊರಳಿಗೆ ಎರಡೂ ಕೈ ಹಾಕಿದರು.

"ಸಿಟ್ಟ ಆಗೂದಿದ್ರ ನನ್ನ ಮ್ಯಾಲ ಆಗು," ಎಂದರು ದೇವಿಗೆ. "ಈ ಕೂಸಿನ್ನ ಬಿಡು."

ಮಡಿಕೆ ಮಣ್ಣಿನಿಂದ ಎದ್ದಿತು. ಅಡಿಯಲ್ಲಿ ಬೇರುಗಳು ಬಿಳಿಯ ಬಲೆಯ ಹಾಗೆ ಹೆಣೆದುಕೊಂಡಿದ್ದವು, ಮೊಳಕೆ ಇನ್ನೂ ಬೆರಳುದ್ದವೂ ಆಗಿರಲಿಲ್ಲ. ಒಬ್ಬಾಕೆ ಕೈಯ ತಟ್ಟೆ ಬಿಟ್ಟಳು. ಆ ಮನೆಯಲ್ಲಿ ಘಟ ನಡುವೆ ಎದ್ದದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಆಯಿ ಮಡಿಕೆಯನ್ನು ಪಕ್ಕಕ್ಕಿಟ್ಟು ಹೊರಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಮೊಮ್ಮಗನಿಗೆ, "ಘಟ ಎದ್ದೈತಿ. ಗಾಡಿ ತಗಿ, ಮಾದೇವಾ," ಎಂದರು. ಮಹಾದೇವ ತಂಗಿಯನ್ನು ಎತ್ತಿಕೊಂಡು ಓಡಿದರು.

ಕಾಗವಾಡ ದಾಟಿ ಮಿರಜದ ದಾರಿ ಹಿಡಿದೆವು. ಕಬ್ಬಿನ ಹಂಗಾಮು ಇನ್ನೂ ಶುರುವಾಗದೆ ರಸ್ತೆ ಖಾಲಿಯಿತ್ತು. ನನ್ನ ತೊಡೆಯ ಮೇಲೆ ಅವಳ ತಲೆ. ಬಾಯಿ ಜಗಿಯುತ್ತಲೇ ಇತ್ತು, ಒಂದು ಕೈ ಗಾಳಿಯಲ್ಲಿ ಏರಿ ಏನನ್ನೋ ಕೀಳುತ್ತಿತ್ತು, ಮತ್ತೆ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಅವಳ ಹೆಸರು ಕರೆಯುತ್ತಲೇ ಇದ್ದೆ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಮಿರಜದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ನರರೋಗದ ಡಾಕ್ಟರ್ ಬಾಯಿ, ನಡುವಯಸ್ಸಿನ ಮರಾಠಿ ಹೆಂಗಸು. ನಾನು ಎಲ್ಲ ಹೇಳಿದೆ, ದೇವಿ ಬಂದದ್ದೂ ಸೇರಿಸಿ. ಅವರು ನಗಲಿಲ್ಲ. ಸವಿತಾಳ ಬಾಯಿ ಆಡುವುದನ್ನು ಬಹಳ ಹೊತ್ತು ನೋಡಿದರು, ತೋಳು ಎತ್ತಿ ಬಿಟ್ಟು ನೋಡಿದರು. ಬೆನ್ನುಹುರಿಯ ನೀರು ತೆಗೆದು ದೂರದ ಲ್ಯಾಬಿಗೆ ಕಳಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ತಲೆಯ ರೋಗಕ್ಕೆ ಹೊಟ್ಟೆ ಯಾಕೆ ಎಂದು ಮಹಾದೇವ ಕೇಳಿದ್ದಕ್ಕೆ, ನೋಡೋಣ ತಡೀರಿ ಅಂದರು. ಆ ವಾರ ಸೆಳೆತದ ಮೇಲೆ ಸೆಳೆತ ಬಂದು ಉಸಿರೂ ಕೈಕೊಟ್ಟಿತು. ಗಾಜಿನ ಬಾಗಿಲ ಆಚೆ ಯಂತ್ರ ಅವಳ ಪರವಾಗಿ ಉಸಿರಾಡುತ್ತಿತ್ತು.

ಫಲಿತಾಂಶ ಬಂದ ಮೇಲೆ ಡಾಕ್ಟರ್ ಬಾಯಿ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಮೆದುಳಿನಲ್ಲಿ ಒಂದು ಜೀವಕೋಶ ಇನ್ನೊಂದನ್ನು ಎಬ್ಬಿಸಬೇಕಾದರೆ ಗ್ಲುಟಮೇಟ್ ಎಂಬ ದ್ರವ್ಯವನ್ನು ಚೆಲ್ಲುತ್ತದೆ. ಅದನ್ನು ಹಿಡಿಯಲು ಆಚೆಯ ಕೋಶದ ಮೈಮೇಲೆ ಗ್ರಾಹಕಗಳಿರುತ್ತವೆ, ಬಾಗಿಲುಗಳೆನ್ನಿ. ಕೆಲವು ತಟ್ಟಿದ ಕೂಡಲೇ ತೆರೆಯುತ್ತವೆ. ಕೆಲವು ನಿಧಾನ, ಕೋಶ ಆಗಲೇ ಅರ್ಧ ಎಚ್ಚರಾಗಿದ್ದರೆ ಮಾತ್ರ ತೆರೆಯುತ್ತವೆ, ತೆರೆದರೆ ಬೇಗ ಮುಚ್ಚುವುದಿಲ್ಲ. ನೆನಪು, ಕಲಿಕೆ ಎಲ್ಲ ಆ ಬಾಗಿಲಿನಿಂದಲೇ. ಸವಿತಾಳ ಮೈಯ ಕಾವಲುಪಡೆಯೇ ಆ ನಿಧಾನದ ಬಾಗಿಲುಗಳನ್ನು ವೈರಿಯೆಂದು ತಿಳಿದು, ಒಂದೊಂದಾಗಿ ಕೋಶದ ಒಳಕ್ಕೆ ಎಳೆಸಿಬಿಟ್ಟಿತ್ತು. ಇಷ್ಟು ನನಗೆ ತಿಳಿಯಿತು. ಪಾಠ ಹೇಳುವವಳಲ್ಲವೇ. ತಿಳಿಯದ್ದು ಒಂದೇ, ಎಬ್ಬಿಸುವ ಬಾಗಿಲು ಕಡಿಮೆಯಾದರೆ ಮೆದುಳು ಮಲಗಬೇಕಲ್ಲ, ಈ ಸೆಳೆತ, ಈ ಬಡಬಡಿಕೆ ಎಲ್ಲಿಂದ?

ಅದಕ್ಕೆ ಅವರು ಊಟದ ಪಂಗತಿಯ ಮಾತು ಹೇಳಿದರು. ಊರೂಟದಲ್ಲಿ ಏಳ್ರಿ ಎಂದು ಒಂದೇ ಕೂಗು ಬೀಳುತ್ತದೆ. ಉಣ್ಣುವವರೂ ಅದನ್ನೇ ಕೇಳಿ ಏಳುತ್ತಾರೆ, ಬಾಗಿಲಲ್ಲಿ ನಿಂತು ನೂಕುನುಗ್ಗಲು ತಡೆಯುವ ಹಿರಿಯರೂ ಅದನ್ನೇ ಕೇಳಿ ಏಳುತ್ತಾರೆ. ಹಿರಿಯರಿಗೆ ಮಾತ್ರ ಕೂಗು ಕೇಳಿಸದೆ ಕೂತೇ ಉಳಿದರೆ? ಮೆದುಳಿನಲ್ಲೂ ಓಡುವ ಕೋಶಗಳಿವೆ, ಓಡುವವರನ್ನು ಹಿಡಿಯುವ ಕೋಶಗಳಿವೆ. ಗ್ಲುಟಮೇಟ್ ಒಂದೇ. ಅದನ್ನು ಯಾರು ಯಾವ ಬಾಗಿಲಿನಿಂದ ಎಷ್ಟು ಕೇಳಿಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಿಡಿಯುವ ಕೋಶಗಳು ಈ ನಿಧಾನದ ಬಾಗಿಲನ್ನು ಬಹಳ ನೆಚ್ಚಿರುವುದರಿಂದ ಅವೇ ಮೊದಲು ಸಡಿಲಾಗುತ್ತವೆ, ಆಗ ಉಳಿದವು ಕಡಿವಾಣವಿಲ್ಲದೆ ಓಡುತ್ತವೆ. ಇದೇ ಪೂರ್ತಿ ಕಾರಣ ಎಂದು ಯಾರೂ ಆಣೆ ಮಾಡಿ ಹೇಳಲಾರರು, ಆದರೆ ಹೀಗೆಂದು ತಿಳಿಯುತ್ತೇವೆ ಎಂದರು. ಆಮೇಲೆ ನನ್ನ ಜೀವ ಹಿಡಿದು ನಿಲ್ಲಿಸಿದ ಮಾತೊಂದನ್ನು ಹೇಳಿದರು. ಕೋಶಗಳು ಸತ್ತಿಲ್ಲ. ಬಾಗಿಲು ಒಳಗೆ ಸರಿದಿವೆ. ಬೇಗ ಹಿಡಿದರೆ ತಿರುಗಿ ಬರುತ್ತವೆ.

ಸ್ಕ್ಯಾನಿನಲ್ಲಿ ಅಂಡಾಶಯದ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತ್ತು. ತೆಗೆದರು. ಮಹಾದೇವರಿಗೆ ಅದನ್ನು ತೋರಿಸಿದರು. ಒಳಗೆ ಕೂದಲಿತ್ತು. ಒಂದು ಹಲ್ಲೂ ಇತ್ತು. ಇದು ಮಗುವಲ್ಲ, ಮಾಟವಲ್ಲ, ಏನನ್ನು ಬೇಕಾದರೂ ಬೆಳೆಸಬಲ್ಲ ಬೀಜಕೋಶ ದಿಕ್ಕು ತಪ್ಪಿ ಬೆಳೆದದ್ದು ಎಂದು ಡಾಕ್ಟರ್ ಬಾಯಿ ಹೇಳಿದರು. ಅದರಲ್ಲಿ ಮೆದುಳಿನಂಥ ತುಣುಕೂ ಇರುತ್ತದೆ, ಅದೇ ಬಾಗಿಲುಗಳು ಅದರ ಮೈಮೇಲೂ ಇರುತ್ತವೆ. ಕಾವಲುಪಡೆ ಮೊದಲು ಎದ್ದದ್ದು ಅದರ ಮೇಲೆ, ಆಮೇಲೆ ಗುರುತು ಹಿಡಿದು ತಲೆಗೆ ಏರಿತು. ನಾನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡರೂ, ಚಿಕ್ಕೋಡಿಯಿಂದ ಬಸ್ಸಿಳಿದು ಬಂದ ಆ ಹುಡುಗಿಯ ಒಳಗೆ ಕತ್ತಲಲ್ಲಿ ಒಂದು ಹಲ್ಲು ಬೆಳೆಯುತ್ತಿತ್ತು ಅನ್ನುವುದು ಇಂದಿಗೂ ಮೈ ನಡುಗಿಸುತ್ತದೆ.

ಆಯಿ ಒಂದು ಸಲ ಮಿರಜಕ್ಕೆ ಬಂದರು. ಮೊಮ್ಮಗಳನ್ನು ಗಾಜಿನಾಚೆಯಿಂದ ನೋಡಿ, ನೇರವಾಗಿ ಡಾಕ್ಟರ್ ಬಾಯಿಯ ಕೋಣೆಗೆ ಹೋದರು. ಹೀರಾಳ ವಿಷಯವನ್ನೆಲ್ಲ ತಮ್ಮ ಅರ್ಧ ಮರಾಠಿಯಲ್ಲಿ ಹೇಳಿ, ಅವಳಿಗೂ ಇದೇ ಆಗಿತ್ತೇ ಎಂದು ಕೇಳಿದರು. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದ ಮೇಲೆ ಹೇಳಲಾಗದು, ಇದ್ದರೂ ಇರಬಹುದು, ಆಗ ಈ ರೋಗಕ್ಕೆ ಯಾರ ಬಳಿಯೂ ಹೆಸರಿರಲಿಲ್ಲ, ನೀರು ಕೊಟ್ಟಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾರೆ ಎಂದರು. ಆಯಿ ತಲೆಯಾಡಿಸಿ ಎದ್ದರು.

ಗಡ್ಡೆ ಹೋಗಿ, ಕಾವಲುಪಡೆಯನ್ನು ತಗ್ಗಿಸುವ ಔಷಧವೂ ಬಿದ್ದ ಮೇಲೆ ಬಾಗಿಲುಗಳು ತಿರುಗಿ ಬರತೊಡಗಿದವು. ಸವಿತಾ ಹೋದ ದಾರಿಯಲ್ಲೇ ಹಿಂದಕ್ಕೆ ಬಂದಳು. ಮೊದಲು ಸೆಳೆತ ನಿಂತಿತು, ಆಮೇಲೆ ಬಾಯಿ ಜಗಿಯುವುದು ನಿಂತಿತು, ತೋಳು ಎತ್ತಿದರೆ ತಾನೇ ಇಳಿಸಿಕೊಂಡಳು. ಒಂದು ದಿನ ಹಸಿವಾಗತೈತೇನ ಎಂದು ಕೇಳಿದೆ. "ಹಸಿವಾಗತೈತಿ," ಎಂದಳು. ಮತ್ತೆ ನನ್ನ ಮಾತಿನ ಬಾಲವೇ. ಗಾಬರಿಯಿಂದ ನರ್ಸನ್ನು ಕೂಗಿದೆ. ಈ ಮೆಟ್ಟಿಲೂ ದಾಟಬೇಕು, ಸುಮ್ಮನಿರಿ ಎಂದರು ಡಾಕ್ಟರ್ ಬಾಯಿ. ಆಮೇಲೆ ಎಷ್ಟೋ ವಾರ ಸಣ್ಣ ಮಗುವಿನ ಹಾಗೆ ಹಠ, ಅಳು. ತೋಟದಲ್ಲಿ ಕಾಯಿಗೆ ನೀರಿಳಿದು ಹಣ್ಣಾಗುವ ಹೊತ್ತಿಗೆ ಮನೆಗೆ ಕರೆತಂದೆವು. ಘಟ ಮುರಿದ ಮನೆ, ಈ ಸಲ ಬೆಳೆ ಕೈಗೆ ಹತ್ತುವುದಿಲ್ಲ ಎಂದಿದ್ದರು ಊರವರು. ಬೆಳೆ ಚೆನ್ನಾಗಿಯೇ ಬಂತು. ಅದಕ್ಕೂ ಹೀರವ್ವನೇ ಕಾರಣ ಎಂದರು, ಅವರ ಬಾಯಿ ಯಾರು ಕಟ್ಟುತ್ತಾರೆ. ಕಾಯಿ, ಕರ್ಪೂರ ಹಿಡಿದು ಬಂದ ಹೆಂಗಸರನ್ನು ನಾನು ಅಂಗಳದಿಂದಲೇ ತಿರುಗಿಸಿ ಕಳಿಸಿದೆ.

ಸವಿತಾಳಿಗೆ ಆ ದಿನಗಳು ನೆನಪಿರಲಿಲ್ಲ. ಹಾಗೆಂದೇ ಎಲ್ಲರಿಗೂ ಹೇಳುತ್ತಿದ್ದಳು, ಈ ರೋಗದಲ್ಲಿ ಹಾಗೆಯೇ ಎಂದು ಡಾಕ್ಟರೂ ಹೇಳಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಇಬ್ಬರೂ ಒಣದ್ರಾಕ್ಷಿ ಆರಿಸುತ್ತ ಕೂತಿದ್ದಾಗ, ಯಾರೂ ಕೇಳದೆ ತಾನಾಗಿಯೇ ಹೇಳಿದಳು.

"ಬ್ಯಾರೆ ಏನೂ ನೆನಪಿಲ್ಲ ವೈನಿ. ಒಂದ ನೆನಪೈತಿ. ನಾ ಒಳಗ ಇದ್ದೆ. ಘಟದ ವಾಸನಿ ಬರ್ತಿತ್ತು. ಬಾಳ ನೀರಡಿಸಿತ್ತು. ನೀರು ಅನ್ನಬೇಕಂತ ನೋಡಾಕತ್ತಿದ್ದೆ, ಆ ಮಾತ ಬಾಯಿಗಿ ಬರ್ಲೇ ಇಲ್ಲ. ನೀವು ಅಂದದ್ದಷ್ಟ ಬರ್ತಿತ್ತು."

ಒಳಗೆ ಯಾರೂ ಇಲ್ಲ ಎಂದು ಬಾಗಿಲಿಗೆ ಒರಗಿ ನೋಡುತ್ತಿದ್ದವಳು ನಾನು. ಅವಳ ತಲೆ ನನ್ನ ಎದೆಗೆ ಒತ್ತಿಕೊಂಡೆ. ಆಯಿಗೆ ಹೇಳಬ್ಯಾಡ್ರಿ ಎಂದಳು. ಹೇಳಲಿಲ್ಲ.

ಮುಂದಿನ ನವರಾತ್ರಿ ಬಂತು. ಘಟದ ಹಿಂದಿನ ದಿನ ಪಡಸಾಲೆಯಲ್ಲಿ ಆಯಿ ಮತ್ತು ಸವಿತಾ ಬಿತ್ತುವ ಕಾಳು ಹಸನು ಮಾಡುತ್ತಿದ್ದರು. ನಾನು ಕಂಬದ ಬಳಿ ಕೂತು ಪರೀಕ್ಷೆಯ ಪೇಪರು ನೋಡುತ್ತಿದ್ದೆ. ಸವಿತಾ ಮತ್ತೆ ಕಾಲೇಜಿಗೆ ಹೋಗತೊಡಗಿದ್ದಳು. ಆದರೂ ಒಂದೊಂದು ಸಲ ಮಾತಿನ ನಡುವೆ ನಿಂತುಬಿಡುತ್ತಿದ್ದಳು. ಇವಳು ಪೂರ್ತಿ ಬಂದಿದ್ದಾಳೋ, ಇನ್ನೂ ಸ್ವಲ್ಪ ಅಲ್ಲೇ ಉಳಿದಿದ್ದಾಳೋ ಎಂಬ ಭಯ ಯಾರಿಗೂ ಬಿಟ್ಟಿರಲಿಲ್ಲ. ಆಯಿ ಕಾಳು ಆರಿಸುವುದನ್ನು ನಿಲ್ಲಿಸಿದರು.

"ಸವೀ, ಖರೇ ಹೇಳು. ಆವಾಗ ನಿನಗ ಏನರ ಗೊತ್ತಾಕ್ಕಿತ್ತೇನು? ನಾವು ಅನ್ನೂದು, ಹಸಿವು, ನೀರಡಿಕಿ?"

ಆಯಿ ಕೇಳುತ್ತಿದ್ದದ್ದು ಇವಳೊಬ್ಬಳ ಸುದ್ದಿಯಲ್ಲ, ಹೀರಾಳದೂ ಹೌದು ಎಂದು ಮೂವರಿಗೂ ಗೊತ್ತಿತ್ತು. ಸವಿತಾ ತಲೆ ಎತ್ತಲಿಲ್ಲ. ಮೊರದಲ್ಲಿಯ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ಇಲ್ಲಾಯಿ," ಎಂದಳು. "ಗಡದ್ದ ನಿದ್ದಿ ಹತ್ತಿದಂಗ ಇತ್ತು. ಏನಂದ್ರ ಏನೂ ಗೊತ್ತಾಗಲಿಲ್ಲ."

ಆಯಿ ಅವಳ ಮುಖ ನೋಡಿದರು.

"ಸುಳ್ಳ ಹೇಳಾಕ ಬರಾಕತ್ತೈತಿ," ಎಂದರು. "ಹಂಗಾರ ನೀ ಪೂರಾ ಅರಾಮ ಆದಿ."

ಮೊರವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಅಂಚಿನಿಂದ ಕಾಳು ನೆಲಕ್ಕೆ ಬೀಳುತ್ತಿದ್ದವು. ಸವಿತಾ ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕುತ್ತಿದ್ದಳು.